ನಿಘಂಟಿನ ಹೊಸ್ತಿಲು

ರಾಯಚೂರು ಜಿಲ್ಲೆಯ ಗಬ್ಬೂರಿನಲ್ಲಿ ‘ಜೋಳ’ ಎಂದರೆ ರೊಟ್ಟಿಯ ಜೋಳ. ಸಿಪ್ಪೆಯ ಮುಸುಕನ್ನು ಹೊದ್ದ ದಪ್ಪ ತೆನೆಯ ಹಳದಿ ಕಾಳಿಗೆ ಉತ್ತರ ಕರ್ನಾಟಕದ ಹಲವೆಡೆ ‘ಗೋವಿನ ಜೋಳ’ ಎಂದು ಹೆಸರು. ಹಳೆಯ ಮೈಸೂರಿನ ಕಡೆ ಅದು ‘ಮುಸುಕಿನ ಜೋಳ’. ‘ಗೋವು’, ‘ಜೋಳ’ ಎಂಬ ಪದಗಳು ನಿಘಂಟಿನಲ್ಲಿ ಇದ್ದೇ ಇರುತ್ತವೆ. ಹಾಗಿರುವಾಗ ‘ಗೋವಿನ ಜೋಳ’ಕ್ಕೆ ಅಲ್ಲಿ ಪ್ರತ್ಯೇಕ ಸ್ಥಾನ ಬೇಕೆ?

ಎರಡು ಪದಗಳ ಅರ್ಥವನ್ನು ಕೂಡಿಸಿದವನು ಅದನ್ನು ಹಸುಗಳಿಗೆ ಹಾಕುವ ಜೋಳವೆಂದು ಭಾವಿಸಿಯಾನು. ವಾಸ್ತವವಾಗಿ ಅದು ಜೋಳವೇ ಅಲ್ಲ. ಅಮೆರಿಕ ಖಂಡದಿಂದ ಬಂದ ಬೇರೊಂದು ಧಾನ್ಯ. ಫ್ರೆಂಚ್ ಭಾಷೆಯ ‘ಪೊಮ್ ದ ತೇರ್’ ಎಂಬುದೂ ಇಂಥದೇ. ಅದರ ಪದಶಃ ಅರ್ಥ ‘ನೆಲದ ಸೇಬು’. ಜನರು ಅದರಿಂದ ತಿಳಿಯುವುದು ಆಲೂಗಡ್ಡೆ. ಮೂರು ಪದಗಳಾದರೂ ಅದು ಒಂದೇ ವಸ್ತುವಿನ ಹೆಸರಾದ್ದರಿಂದ ಫ್ರೆಂಚ್ ನಿಘಂಟುಗಳು ಅದರ ಅರ್ಥವನ್ನು ಬೇರೆಯಾಗಿ ಕೊಡುತ್ತವೆ.

ಆದುದರಿಂದ ಬಿಡಿಪದಗಳಿಂದ ಇಡಿಯ ಅರ್ಥ ಹೊರಡುವುದೇ ಎಂಬುದು ಮೊದಲನೆಯ ಪರೀಕ್ಷೆ. ‘ಕೆಂದಾವರೆ’ಯನ್ನು ವಿಗ್ರಹಿಸಿದರೆ ಕೆಂಪಾದ ತಾವರೆ ಎಂಬ ಅರ್ಥ ತಾನಾಗಿ ದೊರೆಯುತ್ತದೆ. ‘ಮುಕ್ಕಣ್ಣ’ನನ್ನು ವಿಗ್ರಹಿಸಿದರೆ ಮೂರು ಕಣ್ಣುಗಳು ದೊರೆಯುತ್ತವೆ, ಆತನು ಶಿವನೆಂದು ನಿಘಂಟೇ ಹೇಳಬೇಕು. ನಡುವೆ ಮತ್ತೊಂದು ಪದ ನಿಲ್ಲುವುದೇ ಎಂಬುದು ಎರಡನೆಯ ಪರೀಕ್ಷೆ. ‘ಚೀಲದ ಜೋಳ’ವನ್ನು ‘ಚೀಲದ ಒಳ್ಳೆಯ ಜೋಳ’ ಎನ್ನಬಹುದು. ‘ಗೋವಿನ ಒಳ್ಳೆಯ ಜೋಳ’ ಎಂದರೆ ಹೆಸರೇ ಮುರಿದುಹೋಗುತ್ತದೆ.

ಮೂರನೆಯದು ಬಳಕೆಯ ಪರೀಕ್ಷೆ. ಒಬ್ಬರು ಒಮ್ಮೆ ಕಟ್ಟಿದ ಸಮಾಸಗಳನ್ನೆಲ್ಲ ಸೇರಿಸಿದರೆ ನಿಘಂಟಿಗೆ ಕೊನೆಯೇ ಇರದು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಮೊದಲ ಸಂಪುಟ 1970ರಲ್ಲಿಯೂ ಎಂಟನೆಯ ಸಂಪುಟ 1995ರಲ್ಲಿಯೂ ಹೊರಬಂದವು. ಅದರಲ್ಲಿ ಕಾವ್ಯ, ಶಾಸನ ಮೊದಲಾದವುಗಳಿಂದ ಆಯ್ದ ಪ್ರಯೋಗಗಳು ಪದಗಳಿಗೆ ಸಾಕ್ಷಿಯಾಗಿ ನಿಂತಿವೆ.

ಆದರೆ ಹೊಲದ ಮಾತುಗಳೆಲ್ಲ ಕಾವ್ಯದಲ್ಲಿ ಬರುವುದಿಲ್ಲ. ಗ್ರಂಥಗಳನ್ನಷ್ಟೇ ನೋಡುವ ನಿಘಂಟುಕಾರನಿಗೆ ರೈತನ ಎಷ್ಟೋ ಪದಗಳು ಕಾಣದೆ ಹೋಗುತ್ತವೆ. ನೆರೆಯ ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಬೇಸಾಯಗಾರರ ಬಾಯಿಂದಲೇ ಪದಗಳನ್ನು ಸಂಗ್ರಹಿಸಿ, 1962ರಲ್ಲಿ ಬೇಸಾಯದ ವೃತ್ತಿಪದಕೋಶವನ್ನು ಹೊರತಂದರು.

ಅನಗತ್ಯವಾದ ಪದ ಸೇರಿದರೆ ನಿಘಂಟಿನ ಪುಟ ಹೆಚ್ಚುತ್ತದೆ, ಅಷ್ಟೆ. ಬೇಕಾದ ಪದ ಬಿಟ್ಟುಹೋದರೆ, ಅದನ್ನಾಡುವವರು ಮರೆಯಾದ ದಿನ ಅದರ ಅರ್ಥವೂ ಮರೆಯಾಗುತ್ತದೆ. ಗಬ್ಬೂರಿನ ಹೊಲದ ಮಾತಿಗೂ ಮಹಾಕಾವ್ಯದ ಮಾತಿಗೂ ನಿಘಂಟಿನ ಹೊಸ್ತಿಲು ಒಂದೇ ಎತ್ತರದಲ್ಲಿರಬೇಕು.