ನೀರಿನ ವೈರಸ್‌ಗೆ ವೈರಸ್ಸೇ ಸಾಕ್ಷಿ

1955ರ ಕೊನೆಯಲ್ಲಿ ದೆಹಲಿಯಲ್ಲಿ ಕಾಮಾಲೆ ಹಬ್ಬಿತು. ನೆರೆ ಇಳಿಯುವ ಹೊತ್ತಿಗೆ ಯಮುನೆಯ ಹರಿವು ಪಕ್ಕಕ್ಕೆ ಸರಿದು, ನಜಫ್‌ಗಢ ನಾಲೆಯ ಕೊಳಚೆ ವಜೀರಾಬಾದಿನಲ್ಲಿ ಊರಿಗೆ ನೀರೆತ್ತುವ ಜಾಗಕ್ಕೇ ನುಗ್ಗಿತ್ತು. ನೀರಿಗೆ ಕ್ಲೋರಿನ್ ಹೆಚ್ಚು ಹಾಕಿದರು. ಟೈಫಾಯ್ಡ್ ಹೆಚ್ಚಲಿಲ್ಲ, ರಕ್ತಭೇದಿಯೂ ಹೆಚ್ಚಲಿಲ್ಲ. ಅವನ್ನು ತರುವ ಬ್ಯಾಕ್ಟೀರಿಯಾಗಳು ಸತ್ತಿದ್ದವು. ಆದರೂ ಸುಮಾರು 29,000 ಮಂದಿಗೆ ಕಾಮಾಲೆಯಾಯಿತು. ಗರ್ಭಿಣಿಯರಲ್ಲಿ ಸಾವು ಹೆಚ್ಚಿತ್ತು. ಇಂದು ಹೆಪಟೈಟಿಸ್ ಇ ಎಂದು ಕರೆಯುವ ವೈರಸ್ ಕ್ಲೋರಿನ್ ದಾಟಿ ಬಂದಿತ್ತು.

ನೀರಿಗೆ ಮಲ ಸೇರಿದೆಯೇ ಎಂದು ತಿಳಿಯಲು ನಾವು ಇಂದಿಗೂ ಹೆಚ್ಚಾಗಿ ನಂಬಿರುವುದು ಇ. ಕೋಲೈ ಬ್ಯಾಕ್ಟೀರಿಯಾವನ್ನು. ಅದು ಕರುಳಿನ ವಾಸಿ. ನೀರಿನಲ್ಲಿ ಕಂಡರೆ ಮಲ ಸೇರಿದೆ ಎಂದೇ ಅರ್ಥ. ಆದರೆ ಕ್ಲೋರಿನ್‌ಗೆ ಅದು ಬೇಗ ಸಾಯುತ್ತದೆ, ಕರುಳಿನ ವೈರಸ್‌ಗಳು ತಾಳಿಕೊಳ್ಳುತ್ತವೆ. ಹಾಗಾದರೆ ವೈರಸ್‌ಗಳನ್ನೇ ನೇರವಾಗಿ ಹುಡುಕಬಾರದೇ? ಅವು ಒಂದೆರಡಲ್ಲ, ಹಲವು ಬಗೆ. ಇರುವುದೂ ವಿರಳ. ಲೀಟರುಗಟ್ಟಲೆ ನೀರನ್ನು ಸಾಂದ್ರಗೊಳಿಸಬೇಕು, ಜೀವಂತ ಜೀವಕೋಶಗಳಲ್ಲಿ ಬೆಳೆಸಬೇಕು. ಪಿಸಿಆರ್ ಪರೀಕ್ಷೆ ವೈರಸ್‌ನ ಜೀನ್ ತೋರಿಸುತ್ತದೆ. ಅದಕ್ಕೆ ಸೋಂಕು ತರುವ ಶಕ್ತಿ ಉಳಿದಿದೆಯೇ ಎಂದು ಹೇಳುವುದಿಲ್ಲ.

ಇಲ್ಲಿ ನೆರವಿಗೆ ಬರುವುದು ಕೋಲಿಫೇಜ್. ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್‌ಗೆ ಫೇಜ್ ಎಂದು ಹೆಸರು. ಇದೂ ವೈರಸ್ಸೇ, ಆದರೆ ಇದರ ಬೇಟೆ ಇ. ಕೋಲೈ ಮತ್ತು ಅದರ ಹತ್ತಿರದ ಸಂಬಂಧಿಗಳು, ಮನುಷ್ಯರಿಗೆ ಅಪಾಯವಿಲ್ಲ. ಇವುಗಳಲ್ಲಿ ಎಂಎಸ್2 ಎಂಬುದರ ಗಾತ್ರ ಸುಮಾರು 27 ನ್ಯಾನೊಮೀಟರ್. ಎಪ್ಪತ್ತನ್ನು ಸಾಲಾಗಿ ಜೋಡಿಸಿದರೆ ಒಂದು ಇ. ಕೋಲೈ ಉದ್ದ. ಒಳಗೆ ಆರ್‌ಎನ್‌ಎ ಎಳೆ, ಹೊರಗೆ ಪ್ರೋಟೀನ್ ಚಿಪ್ಪು, ಮೇಲೆ ಕೊಬ್ಬಿನ ಹೊದಿಕೆಯಿಲ್ಲ: ಪೋಲಿಯೊ ವೈರಸ್‌ನ ಮೈಕಟ್ಟೂ ಇದೇ. ಹಾಗಾಗಿ ಸೋಸುವಿಕೆ, ಕ್ಲೋರಿನ್‌ಗಳನ್ನು ಎದುರಿಸುವಾಗ ಇದರ ನಡತೆ ಬ್ಯಾಕ್ಟೀರಿಯಾಕ್ಕಿಂತ ಕರುಳಿನ ವೈರಸ್‌ಗಳಿಗೆ ಹತ್ತಿರ.

ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ಅಗಾರ್ ಎಂಬ ಉಗುರುಬೆಚ್ಚಗಿನ ಪೋಷಕ ಲೋಳೆಗೆ ಇ. ಕೋಲೈ ಮತ್ತು ನೀರಿನ ಮಾದರಿ ಬೆರೆಸಿ, ತಟ್ಟೆಗೆ ಸುರಿದು, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಡುತ್ತಾರೆ. ಬೆಳಿಗ್ಗೆ ನೋಡಿದರೆ ತಟ್ಟೆಯ ತುಂಬ ಬ್ಯಾಕ್ಟೀರಿಯಾ ತೆಳು ಮಂಜಿನಂತೆ ಬೆಳೆದಿರುತ್ತದೆ. ಆ ಮಂಜಿನಲ್ಲಿ ಅಲ್ಲಲ್ಲಿ ದುಂಡನೆಯ ತಿಳಿ ಚುಕ್ಕೆಗಳು. ಒಂದು ಫೇಜ್ ಒಂದು ಬ್ಯಾಕ್ಟೀರಿಯಾದೊಳಗೆ ಹೊಕ್ಕು, ಮರಿಗಳನ್ನು ಹೆಚ್ಚಿಸಿಕೊಂಡು, ಅದನ್ನು ಒಡೆದು ಹೊರಬಂತು. ಮರಿಗಳು ಅಕ್ಕಪಕ್ಕದವನ್ನು ಒಡೆದವು. ಹೀಗೆ ಬಯಲಾದ ಜಾಗವೇ ಆ ಚುಕ್ಕೆ. ಚುಕ್ಕೆ ಎಣಿಸಿದರೆ ಫೇಜ್ ಎಣಿಸಿದಂತೆ. ಫೇಜ್‌ಗೆ ಹೆಸರಿಟ್ಟ ಫೆಲಿಕ್ಸ್ ದೆರೆಲ್ 1917ರಲ್ಲಿ ವರದಿ ಮಾಡಿದ್ದೂ ಇಂಥ ಚುಕ್ಕೆಗಳನ್ನೇ.

ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500 ತನ್ನ 2012ರ ಆವೃತ್ತಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಎಂಎಸ್2 ಫೇಜ್ ಇರಕೂಡದು ಎನ್ನುತ್ತದೆ. ಫೇಜ್ ಕಾಣಲಿಲ್ಲವೆಂದ ಮಾತ್ರಕ್ಕೆ ವೈರಸ್ ಇಲ್ಲವೇ ಇಲ್ಲ ಎನ್ನಲಾಗದು. ಕಂಡರೆ ಮಾತ್ರ ಸುಮ್ಮನಿರಲಾಗದು.

ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ ಸೀಮೆಗೆ ಆ ನೀರು ಬೇಕು. ಕೆರೆಯ ನೀರು ಇಂಗಿ ಸೇರುವುದು ಬಾವಿ, ಬೋರ್‌ವೆಲ್‌ಗಳನ್ನೇ. ಆದ್ದರಿಂದ ಅಲ್ಲಿ ಬ್ಯಾಕ್ಟೀರಿಯಾ ಲೆಕ್ಕವೊಂದೇ ಸಾಲದು; ಅದರ ಪಕ್ಕದಲ್ಲಿ ಈ ಚುಕ್ಕೆಗಳ ತಟ್ಟೆಯೂ ಇರಬೇಕು. ದೆಹಲಿಯಲ್ಲಿ 1955ರಲ್ಲಿ ಇಲ್ಲದೇ ಹೋದದ್ದು ಆ ಎರಡನೆಯ ತಟ್ಟೆ.