ಹೆಸರಿಡುವ ಮುನ್ನ ಹೆಸರು ಕೇಳೋಣ



ಹೆರೋದನಿಗೆ ಅಂಜಿ ಬಾಲಯೇಸುವನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಿದ ಪವಿತ್ರ ಕುಟುಂಬವನ್ನು ನಾವು ‘ನಿರಾಶ್ರಿತರು’ ಎಂದು ನೆನೆದು ಮರುಗುತ್ತೇವೆ. ಗಡಿಯಲ್ಲಿ ಯಾರಾದರೂ ಅವರನ್ನು ‘ನುಸುಳುಕೋರರು’ ಎಂದು ಕೂಗಿದ್ದರೆ? ಕುಟುಂಬ ಅದೇ, ಆದರೆ ಹೆಸರು ಬದಲಾದೊಡನೆ ನೋಡುವವರ ಮನಸ್ಸೂ ಬದಲಾಗುತ್ತದೆ.

2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಆದದ್ದು ಇದೇ. ಅಲ್ಲಿನ ಗುಡಿಸಲುಗಳಲ್ಲಿ ಅಕ್ರಮ ಬಾಂಗ್ಲಾದೇಶಿಗಳಿರಬಹುದೆಂದು ಶಾಸಕರೊಬ್ಬರು ವಿಡಿಯೊ ಹಂಚಿದರು. ಕೆಲವೇ ದಿನಗಳಲ್ಲಿ ಗುಡಿಸಲುಗಳನ್ನು ಕೆಡವಲಾಯಿತು. ಮನೆ ಕಳೆದುಕೊಂಡವರಲ್ಲಿ ನಮ್ಮ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು! ಹೈಕೋರ್ಟ್ ತೆರವಿಗೆ ತಡೆ ನೀಡಿತು. ಅಷ್ಟರಲ್ಲಿ ಅನೇಕರ ಸೂರು ನೆಲ ಕಂಡಿತ್ತು.

ಗೋಕಾಕ, ಮೂಡಲಗಿ, ಹುಕ್ಕೇರಿಯ ನಮಗೆ ಇದು ದೂರದ ಮಾತಲ್ಲ. ಹಂಗಾಮು ಬಂದರೆ ಮಹಾರಾಷ್ಟ್ರದಿಂದ ಕಬ್ಬು ಕಡಿಯುವ ಗ್ಯಾಂಗುಗಳು ನಮ್ಮ ಕಡೆ ಬರುತ್ತವೆ. ನಮ್ಮವರು ದುಡಿಯಲು ಗೋವಾಕ್ಕೆ ಹೋಗುತ್ತಾರೆ. ಅಲ್ಲಿ ಅವರನ್ನು ‘ಘಾಟಿ’ ಎಂದು ಹೀಯಾಳಿಸಿದರೆ ನಮ್ಮ ಕರುಳು ಚುರ್ ಎನ್ನುತ್ತದೆ.

ಕಾಗದಪತ್ರ ನೋಡುವುದು ಕಾನೂನಿನ ಕೆಲಸ. ವೇದಿಕೆಯ ಬಿರುನುಡಿಯನ್ನು ನಮ್ಮ ಓಣಿಗೆ, ಮಕ್ಕಳ ಬಾಯಿಗೆ ತರದಿರುವುದು ನಮ್ಮ ಕೆಲಸ. ಈ ಹಂಗಾಮಿನಲ್ಲಿ ಹೊಲದಂಚಿನ ಜೋಪಡಿಗೆ ಹೋಗಿ, ಅಲ್ಲಿರುವವರ ಹೆಸರನ್ನು ಪ್ರೀತಿಯಿಂದ ಕೇಳೋಣ.