ನಾಟಕದ ಹ್ಯಾಂಡ್‌ಬಿಲ್ಲಿಂದ ಒಂದು ಜಿಗ್‌ಸಾ

ರಜೆಗೆ ಊರಿಗೆ ಹೊರಟರೆ ನಮ್ಮಲ್ಲಿ ಕಡೂರಿನವರು ಮೊದಲು ಇಳಿತಾರೆ. ಬೀರೂರು ದಾಟಿದ ಮೇಲೆ ಹಳಿ ಎರಡಾಗುತ್ತೆ: ಶಿವಮೊಗ್ಗದ ಕಡೆಗೆ ತರೀಕೆರೆ, ಹುಬ್ಬಳ್ಳಿಯ ಕಡೆಗೆ ಅಜ್ಜಂಪುರ. ಹೋದ ದಸರಾ ರಜೆಯಲ್ಲಿ ನಾವೆಲ್ಲ ಅಜ್ಜಂಪುರದ ಗೆಳೆಯನ ಮನೆಯಲ್ಲಿ ಸೇರಿದ್ದೆವು. ಅಟ್ಟದ ಟ್ರಂಕಿನ ತಳದಲ್ಲಿ ನಾಲ್ಕು ಮಡಿಕೆಯ ಒಂದು ಗುಲಾಬಿ ಕಾಗದ ಸಿಕ್ಕಿತು. ಬಿಡಿಸುತ್ತಿದ್ದ ಹಾಗೆ ಮಡಿಕೆಯಲ್ಲೇ ನಾಲ್ಕು ಚೂರಾಯ್ತು. ಜೋಡಿಸಿ ನೋಡಿದರೆ 'ಕುರುಕ್ಷೇತ್ರ' ನಾಟಕದ ಹ್ಯಾಂಡ್‌ಬಿಲ್. ಕೆಳಗಿನ ಒಂದು ಮೂಲೆ ಇಲ್ಲ. ಯಾವ ಊರು, ಯಾವ ತಾರೀಕು ಅನ್ನೋದು ಆ ಮೂಲೆಯ ಜೊತೆಗೇ ಹೋಗಿದೆ. ಅದನ್ನೇ ಯಾಕೆ ಜಿಗ್‌ಸಾ ಮಾಡಬಾರದು ಅನ್ನಿಸಿದ್ದು ಆಗ.

ಹಳೇ ರಂಗಭೂಮಿಯ ಪೋಸ್ಟರುಗಳನ್ನು ಜಿಗ್‌ಸಾ ಮಾಡೋದು ಹೊರದೇಶಗಳಲ್ಲಿ ಹೊಸದೇನಲ್ಲ. ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ 1760ರ ದಶಕದಲ್ಲಿ ಭೂಪಟವನ್ನು ಮರದ ಹಲಗೆಗೆ ಅಂಟಿಸಿ, ಗಡಿಗಳ ಗುಂಟ ಕತ್ತರಿಸಿ, ಮಕ್ಕಳಿಗೆ ಭೂಗೋಳ ಕಲಿಸೋಕೆ ಮಾರಿದ. 1894ರಲ್ಲಿ ನಟಿ ಸಾರಾ ಬರ್ನಾರ್ಡ್‌ಗಾಗಿ ಮುಖಾ ಬರೆದ 'ಜಿಸ್ಮೊಂಡಾ' ಪೋಸ್ಟರಿನಂಥವು ಪ್ಯಾರಿಸ್ಸಿನ ಗೋಡೆಗೆ ಅಂಟಿದ್ದ ಬರೀ ಜಾಹೀರಾತು. ಇವತ್ತು ಅಂಥ ಚಿತ್ರಗಳು ಸಾವಿರ ಚೂರಿನ ಡಬ್ಬಿಯಲ್ಲಿ ಬರ್ತವೆ.

ನಮ್ಮಲ್ಲೂ ಜಾಹೀರಾತಿಗೆ ಬರ ಇರಲಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ, ಮುಂದೆ ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಅಷ್ಟು ಖರ್ಚು ಮಾಡಿದ ಮೇಲೆ ಜನ ಬರಲೇಬೇಕಲ್ಲ! ಕಂಪನಿ ಊರಿಗೆ ಬಂತು ಅಂದರೆ ಗಾಡಿಯಲ್ಲಿ ವಾದ್ಯ ಬಾರಿಸುತ್ತ ಹ್ಯಾಂಡ್‌ಬಿಲ್ ಹಂಚೋರು, ಮಕ್ಕಳು ಹಿಂದೆ ಓಡೋರು. ತೆಳು ಬಣ್ಣದ ಕಾಗದ, ಮೇಲೆ ದೇವರ ಹೆಸರು, ನಡುವೆ ದೊಡ್ಡ ಅಚ್ಚಿನಲ್ಲಿ ನಾಟಕದ ಹೆಸರು, ಕೆಳಗೆ ಕುರ್ಚಿ, ಬೆಂಚು, ನೆಲದ ಟಿಕೆಟ್ ದರ. ಒಂದು ರಾತ್ರಿಯ ಆಟಕ್ಕೆ ಅಚ್ಚಾದ ಕಾಗದ ಅದು. ಬೆಳಗಾದರೆ ಪೊಟ್ಟಣ ಕಟ್ಟೋಕೆ ಹೋಗ್ತಿತ್ತು. ಅದಕ್ಕೇ ಉಳಿದಿರೋದು ಅಪರೂಪ.

ಈಗ ಲೆಕ್ಕಕ್ಕೆ ಬರೋಣ. ನಾವು ಹ್ಯಾಂಡ್‌ಬಿಲ್ಲನ್ನು ಸ್ಕ್ಯಾನ್ ಮಾಡಿ ಎ3 ಅಳತೆಗೆ, ಅಂದರೆ 420 × 297 ಮಿ.ಮೀ.ಗೆ ಹಿಗ್ಗಿಸಿದೆವು. ಉದ್ದಕ್ಕೆ 20, ಅಗಲಕ್ಕೆ 14 ಸಾಲು ಅಂದರೆ 280 ಚೂರು, ಒಂದೊಂದೂ ಸುಮಾರು 21 ಮಿ.ಮೀ. ಚೌಕ. ಅಂಚಿನ ಚೂರು ಎಷ್ಟು? 2(20+14)−4, ಅಂದರೆ 64. ಒಂದು ಬದಿ ನೇರವಾಗಿರೋದರಿಂದ ಎಲ್ಲರೂ ಮೊದಲು ಇವನ್ನೇ ಆರಿಸ್ತಾರೆ. ಉಳಿದ 216ರಲ್ಲಿದೆ ನಿಜವಾದ ಕಷ್ಟ. ಯಾವ ಸುಳಿವೂ ಇಲ್ಲದೆ ಪ್ರತಿ ಚೂರನ್ನೂ ಪ್ರತಿ ಚೂರಿನ ಜೊತೆ ಹೋಲಿಸಿ ನೋಡಿದರೆ 280ಕ್ಕೆ 39,060 ಜೋಡಿ ಆಗುತ್ತೆ. ಅಲ್ಗಾರಿದಮ್ ಓದುವವರಿಗೆ ಇನ್ನೊಂದು ಮಾತು: ಜಿಗ್‌ಸಾ ಬಿಡಿಸೋದು ಸಾಮಾನ್ಯ ರೂಪದಲ್ಲಿ ಎನ್‌ಪಿ-ಕಂಪ್ಲೀಟ್ ಅಂತ ಎರಿಕ್ ಡಿಮೇನ್ ಮತ್ತು ಮಾರ್ಟಿನ್ ಡಿಮೇನ್ 2007ರಲ್ಲಿ ತೋರಿಸಿದ್ದಾರೆ.

ಮತ್ತೆ ಮನುಷ್ಯರು ಹೇಗೆ ಬಿಡಿಸ್ತಾರೆ? ಸುಳಿವು ಹಿಡಿದು. ಇಲ್ಲಿ ಕನ್ನಡ ಲಿಪಿ ತುಂಬ ಸಹಾಯ ಮಾಡುತ್ತೆ. ಚೂರಿನಲ್ಲಿ ತಲೆಕಟ್ಟು ಕಂಡರೆ ಯಾವುದು ಮೇಲೆ ಅನ್ನೋದು ಗೊತ್ತಾಯ್ತು. ಒತ್ತಕ್ಷರ ಕಂಡರೆ ಅದರ ಮೇಲಿನ ಚೂರಿನಲ್ಲಿ ಏನಿರಬೇಕು ಅನ್ನೋದೂ ಗೊತ್ತಾಯ್ತು: 'ಷ' ಒತ್ತಿನ ಮೇಲೆ 'ಕ', 'ರ' ಒತ್ತಿನ ಮೇಲೆ 'ತ'. ಮೋಸ ಮಾಡೋದು ಕೊಂಬು. 'ಕು'ವಿನ ಕೊಂಬೂ 'ರು'ವಿನ ಕೊಂಬೂ ಒಂದೇ ಥರ. ಅರ್ಧ ಗಂಟೆ ನಾವು ಅವನ್ನು ಅದಲು ಬದಲು ಇಟ್ಟುಕೊಂಡು ಒದ್ದಾಡಿದೆವು. ಇದರಿಂದ ಕಲಿತದ್ದು: ಅಕ್ಷರ ಚೂರಿಗಿಂತ ದೊಡ್ಡದಿರಲಿ. ಇಡೀ ಪದ ಒಂದೇ ಚೂರಿನಲ್ಲಿ ಕೂತರೆ ಆಟದಲ್ಲಿ ರುಚಿ ಇರಲ್ಲ.

ಮಾಡುವವರಿಗೆ ಕೆಲವು ಎಚ್ಚರಿಕೆ. ಮೂಲ ಕಾಗದಕ್ಕೆ ಕತ್ತರಿ ತಾಗಿಸಬೇಡಿ, ಲ್ಯಾಮಿನೇಷನ್ನೂ ಬೇಡ. ಒಮ್ಮೆ ಮಾಡಿದರೆ ಬಿಡಿಸೋಕಾಗಲ್ಲ. ಪ್ರಿಂಟನ್ನು 3 ಮಿ.ಮೀ. ಎಂಡಿಎಫ್ ಹಲಗೆಗೆ ಅಂಟಿಸಿ ಲೇಸರ್‌ನಲ್ಲಿ ಕತ್ತರಿಸಬಹುದು. ಮೇಲೆ ಮಾಸ್ಕಿಂಗ್ ಟೇಪ್ ಹಾಕಿದರೆ ಹೊಗೆಯ ಕಲೆ ಕಮ್ಮಿ. ಆದರೆ ಪಿವಿಸಿ ಇರುವ ಫ್ಲೆಕ್ಸ್ ತುಂಡನ್ನು ಲೇಸರ್ ಕೆಳಗೆ ಇಡಲೇಬೇಡಿ. ಅದರಿಂದ ಬರೋ ಕ್ಲೋರಿನ್ ಅಂಶದ ಹೊಗೆ ಶ್ವಾಸಕೋಶಕ್ಕೂ ಕೆಟ್ಟದ್ದು, ಮೆಷಿನ್ನಿಗೂ ಕೆಟ್ಟದ್ದು. ಮಾರುವ ಯೋಚನೆ ಇದ್ದರೆ 1957ರ ಹಕ್ಕುಸ್ವಾಮ್ಯ ಕಾಯ್ದೆ ನೆನಪಿರಲಿ. ಕಲಾವಿದರು ಯಾರು ಅಂತ ಗೊತ್ತಿದ್ದರೆ ಅವರು ತೀರಿಕೊಂಡ ನಂತರ 60 ವರ್ಷ, ಹೆಸರೇ ಇಲ್ಲದ ಕೃತಿಗೆ ಪ್ರಕಟವಾದ ನಂತರ 60 ವರ್ಷ ಹಕ್ಕು ಇರುತ್ತೆ. ನಮ್ಮದರಲ್ಲಿ ತಾರೀಕೇ ಇಲ್ಲ. ಹಾಗಾಗಿ ಅದು ಮನೆಯ ಆಟಕ್ಕೆ ಮಾತ್ರ.

ಹರಿದ ಮೂಲೆಗೆ ಏನು ಮಾಡೋದು ಅಂತ ನಮ್ಮಲ್ಲೇ ಜಗಳ ಆಯ್ತು. ಕಂಪ್ಯೂಟರಿನಲ್ಲಿ ಅಕ್ಷರ ತುಂಬಿಸೋಣ ಅಂದರು ಕೆಲವರು. ಯಾವ ಊರಿನ ಹೆಸರು ತುಂಬೋದು? ಕಡೂರೋ, ತರೀಕೆರೆಯೋ? ಸುಳ್ಳು ಹೆಸರು ಒಮ್ಮೆ ಕೂತರೆ ನಾಳೆ ನೋಡಿದವರು ಅದನ್ನೇ ನಿಜ ಅಂದುಕೊಳ್ತಾರೆ. ಕೊನೆಗೆ ಆ ಜಾಗದ ಹನ್ನೊಂದು ಚೂರನ್ನು ಬಿಳಿಯಾಗೇ ಬಿಟ್ಟೆವು.

ದೀಪಾವಳಿಗೆ ಡಬ್ಬಿ ಹಿಡಿದು ಮತ್ತೆ ಅಜ್ಜಂಪುರಕ್ಕೆ ಹೋದೆವು. ಗೆಳೆಯನ ಅಜ್ಜಿ ಕನ್ನಡಕ ಹಾಕಿಕೊಂಡು ನಮಗಿಂತ ಮೊದಲು 'ತ್ರ' ಹುಡುಕಿದರು. ಬಿಳಿ ಚೂರುಗಳ ಮೇಲೆ ಬೆರಳಿಟ್ಟು, "ಇಲ್ಲಿ ಏನಿತ್ತೋ ಕಾಣೆ ಕಣ್ರಪ್ಪ. ನಾವಂತೂ ಚಾಪೆ ಸುತ್ತಿಕೊಂಡು ಹೋಗಿ ನೆಲದಲ್ಲೇ ಕೂರ್ತಿದ್ವಿ, ದ್ರೌಪದಿ ಅಳೋ ಹೊತ್ತಿಗೆ ನನಗೆ ನಿದ್ದೆ ಬಂದಿರೋದು" ಅಂದರು. ಅವರು ಹೇಳಿದ್ದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೀವಿ.

ಮುಂದಿನ ರಜೆಯಲ್ಲಿ ನಿಮ್ಮ ಮನೆ ಟ್ರಂಕಿನ ತಳವನ್ನೂ ಒಮ್ಮೆ ನೋಡಿ. ಏನಾದರೂ ಸಿಕ್ಕರೆ ಮಡಿಕೆ ಬಿಡಿಸೋ ಮುಂಚೆ ಒಂದು ಫೋಟೋ ತೆಗೀರಿ. ಆಮೇಲೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನಕ್ಕೆ ಬಿಡಿಸಿ.